ಬಿಚ್ಚದ ಮುಡಿಪು

ಕಾರಹುಣ್ಣಿಮೆಯ ಮರುದಿನ ಮುಂಜಾನೆ, ನಾಲ್ಕನೆಯ ಇಯತ್ತೆಯ ಪಾಟಿಚೀಲವನ್ನು ಸಾಲಿಯ ಕಿಟಕಿಯ ಸರಳಿಗೆ ನೇತುಹಾಕಿ, ಫಕೀರಪ್ಪ ಮೊದಲ ಸಲ ಊರು ಬಿಟ್ಟು ನಡೆದ. ಆಮೇಲೆ ಅವನು ಬಿಟ್ಟ ಊರುಗಳನ್ನು ಅವನೇ ಮರೆತಿದ್ದಾನೆ. ಕಲ್ಲಿನ ಕ್ವಾರಿ, ಕಬ್ಬಿನ ಗಾಣ, ಲಾರಿಯ ಕ್ಲೀನರ್ ಕೆಲಸ, ಸಂತೆಯಿಂದ ಸಂತೆಗೆ ಬಳೆಗಾರನ ಪೆಟ್ಟಿಗೆ ಹೊರುವುದು, ಎಲ್ಲ ಆಯಿತು. ನಲವತ್ತೆಂಟನೆಯ ವಯಸ್ಸಿಗೆ ಈ ಮಠಕ್ಕೆ ಬಂದು ಬಾಗಿಲು ಕಾಯಲು ನಿಂತ. ಒಂದೇ ಕಡೆ ಮೂರು ವರ್ಷ ನಿಂತದ್ದು ಅವನ ಬಾಳಿನಲ್ಲಿ ಇದೇ ಮೊದಲು. ತಿರುಗುವವನಿಗೆ ಗುರುವನ್ನು ಕೇಳುವಂಥ ಪ್ರಶ್ನೆಗಳು ಹುಟ್ಟುವುದಿಲ್ಲ. ಹುಟ್ಟಿದರೂ ಅಷ್ಟರಲ್ಲಿ ಬಸ್ಸು ಬಂದಿರುತ್ತದೆ. ಆ ದಿನ ಮಧ್ಯಾಹ್ನ ಮಾತ್ರ ಅವನು ಮಠದ ಹಿರಿಯರಾದ ಅಜ್ಜಾರ ಮುಂದೆ ಕೂತು ಒಂದು ಪ್ರಶ್ನೆ ಕೇಳಿದ.

"ಅಜ್ಜಾರ, ಬಾಗಿಲಿಗೆ ಬಂದಾಂವ ನಂಬೋ ಮನಶ್ಯಾನೋ ಅಲ್ಲೋ, ಹೆಂಗ ಗುರುತು ಹಿಡೀಬೇಕು?"

ಅಜ್ಜಾರು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಮೂರು ವರ್ಷದಿಂದ ಬಾಗಿಲಾಗ ನಿಂತಾಂವ ನೀನು. ಒಳಗ ಕುಂತಾಂವಗ ಕೇಳ್ತೀಯಲ್ಲೋ."

"ಹಿಡಿದೇನ್ರೀ. ಹಿಡಿದದ್ದು ಖರೇನೋ ಸುಳ್ಳೋ ತಿಳೀವಲ್ದು. ಅದಕ್ಕ ಕೇಳಾಕತ್ತೀನಿ."

ನಡೆದದ್ದು ಇಷ್ಟು. ಊರಾಚೆಯ ಇಟ್ಟಂಗಿ ಭಟ್ಟಿ ಮುಚ್ಚಿತ್ತು. ಮಾಲೀಕ ಒಂದು ದಿನ ಇದ್ದ, ಮರುದಿನ ಇರಲಿಲ್ಲ. ಭಟ್ಟಿಯಲ್ಲಿ ದುಡಿಯುತ್ತಿದ್ದ ಎಂಟು ಜನ ದಾರಿಯ ಮೇಲೆ ಬಿದ್ದರು. ಇಬ್ಬರು ಗಂಡಸರು, ಮೂವರು ಹೆಂಗಸರು, ಒಬ್ಬ ಮುದುಕ, ಎರಡು ಕೂಸು. ಅವರ ಮಾತು ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೂಡಣ ಸೀಮೆಯವರು ಎಂದು ಒಬ್ಬ ಹೇಳಿದ. ದೇಶದ ಗಡಿಯಾಚೆಯವರು ಎಂದು ಇನ್ನೊಬ್ಬ ಹೇಳಿದ. ಎರಡನೆಯ ಮಾತೇ ಬೇಗ ಓಡಾಡಿತು. ಅವರು ಮೊದಲು ದರ್ಗಾಕ್ಕೆ ಹೋದರು. ದರ್ಗಾದ ಹಿರಿಯರು ಎರಡು ಪ್ರಶ್ನೆ ಕೇಳಿ, ಇವರು ನಮ್ಮವರಲ್ಲ ಎಂದರು. ಇಗರ್ಜಿಯ ಪಾದ್ರಿ ಕುಡಿಯಲು ನೀರು ಕೊಟ್ಟು, ನಿಮ್ಮ ಊರಿನ ಪಾದ್ರಿಯಿಂದ ಪತ್ರ ತನ್ನಿ, ಆಮೇಲೆ ನೋಡೋಣ ಎಂದರು. ಕಡೆಗೆ ಅವರು ಮಠದ ಬಾಗಿಲಿಗೆ ಬಂದರು.

ಮಠದಲ್ಲಿ ಅಜ್ಜಾರದು ಆಶೀರ್ವಾದ ಮಾತ್ರ. ಆಡಳಿತ ಕಮಿಟಿಯದು. ಕಮಿಟಿಯ ಅಧ್ಯಕ್ಷರು ಕುಬೇರಗೌಡರು. ಅವರು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತು ಫಕೀರಪ್ಪನನ್ನು ಕರೆದರು.

"ನೀ ಹತ್ತೂರು ನೀರು ಕುಡದಾಂವ. ನಿನ್ನ ಕಣ್ಣಿಗೆ ಸುಳ್ಳು ಬೀಳ್ತದ. ಹೋಗಿ ವಿಚಾರಿಸು. ನೀ ಹೂಂ ಅಂದರ ಪಡಸಾಲಿಯಾಗ ಇರಲಿ. ಇಲ್ಲಾಂದರ ಇಲ್ಲ."

ಫಕೀರಪ್ಪ ಎದೆ ಉಬ್ಬಿಸಿ ಹೋದ. ಲಾರಿಯ ಮೇಲೆ ಕಲಿತ ಅರೆಬರೆ ಹಿಂದಿಯಲ್ಲಿ ಒಂದು ತಾಸು ವಿಚಾರಿಸಿದ. ಯಾವ ಊರು? ಯಾರ ಕಡೆಯವರು? ಯಾವ ದೇವರು? ಕರೆತಂದವನು ಯಾರು? ಮುದುಕ ಮೂರು ಸಲಕ್ಕೆ ಮೂರು ಊರಿನ ಹೆಸರು ಹೇಳಿದ. ಫಕೀರಪ್ಪನಿಗೆ ಅಷ್ಟು ಸಾಕಾಯಿತು. ಅವನೂ ಒಂದು ಕಾಲಕ್ಕೆ ನಾಲ್ಕು ಊರಿನಲ್ಲಿ ನಾಲ್ಕು ಹೆಸರು ಇಟ್ಟುಕೊಂಡವನು. ಅಂಥವರು ಎಂಥವರು ಎಂದು ಅವನಿಗೆ ಗೊತ್ತಿತ್ತು. ಬಂದು, "ಬ್ಯಾಡ್ರೀ ಗೌಡ್ರ" ಎಂದ.

ಗೌಡರು ಆಗಲೇ ಟಂಟಂ ಗಾಡಿಯವನಿಗೆ ಫೋನು ಮಾಡಿದರು. ನಾಲ್ಕು ಗಂಟೆಗೆ ಬಾ, ಎಂಟು ಮಂದಿ ಇದ್ದಾರೆ, ಜಿಲ್ಲೆಯ ಗಡಿ ದಾಟಿಸಿ ಬಿಟ್ಟು ಬಾ ಎಂದರು. ಕಮಿಟಿಯವರ ಮುಖ ಅರಳಿತ್ತು. ಒಬ್ಬರು ಫಕೀರಪ್ಪನಿಗೆ ಚಹಾ ತರಿಸಿಕೊಟ್ಟರು. ಮೂರು ವರ್ಷದಲ್ಲಿ ಯಾರೂ ತರಿಸಿರಲಿಲ್ಲ. ಚಹಾ ಕುಡಿಯುವಾಗ ಅವನಿಗೆ ಅನುಮಾನ ಬಂತು. ನಾನು ಬೇಡ ಅಂದೆನೋ, ಇವರು ನನ್ನ ಬಾಯಿಂದ ಬೇಡ ಅನ್ನಿಸಿದರೋ? ಆ ಎಂಟು ಜನ ಹೊರಗೆ ಹುಣಸೆಮರದ ಕೆಳಗೆ ಕೂತಿದ್ದರು. ಅವರ ಕಡೆ ನೋಡದೆ ಅವನು ಒಳಗೆ ಬಂದ.

ಇದನ್ನೆಲ್ಲ ಅವನು ಅಜ್ಜಾರಿಗೆ ಹೇಳಲಿಲ್ಲ. ಪ್ರಶ್ನೆ ಮಾತ್ರ ಕೇಳಿದ. ಅಜ್ಜಾರು ಶೇಂಗಾದ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದರು.

"ಕೈ ಖಾಲಿ ಬಿಡಬ್ಯಾಡ, ಸುಲಿ. ಸುಲಿಕೋತ ಕೇಳು" ಎಂದು ಕತೆ ಶುರುಮಾಡಿದರು.

ಹೊಳೆಯ ಈಚೆ ದಂಡೆಗೆ ಒಂದು ಊರು. ಊರಿಗೆ ಒಂದು ಗುಡಿ. ದಾರಿಯಲ್ಲಿ ಬಂದವರಿಗೆ ಗುಡಿಯಿಂದ ಮೂರು ದಿನ ಗಂಜಿ, ಮೂರು ದಿನ ನೆರಳು. ಅದು ಹಿರಿಯರು ಮಾಡಿದ ಕಟ್ಟಳೆ. ನಾಲ್ಕನೆಯ ದಿನದ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ.

ಒಂದು ದಿನ ಆಚೆ ದಂಡೆಯಿಂದ ಹರಿಗೋಲಿನಲ್ಲಿ ಒಬ್ಬ ಹೆಂಗಸು ಬಂದಳು. ಬೆನ್ನ ಮೇಲೆ ಒಬ್ಬ ಮುದುಕಿ ಇದ್ದಳು. ಮುದುಕಿಗೆ ಕಾಲು ಸ್ವಾಧೀನವಿರಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಆಚೆ ಸೀಮೆಗೆ ದಂಡು ಬಂದು ಅವರ ಊರನ್ನು ಸುಟ್ಟಿತ್ತು. ಊರಿನಲ್ಲಿ ಉಳಿದವರು ಇವರಿಬ್ಬರೇ.

ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು.

"ನಿನ್ನ ತಾಯಿ ಏನವ್ವಾ?" ಎಂದು ಒಬ್ಬಳು ಕೇಳಿದಳು.

"ಅತ್ತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಅತ್ತೆಯನ್ನು ಹೊತ್ತು ಹೊಳೆ ದಾಟಿಸುವ ಸೊಸೆಯನ್ನು ಇವತ್ತೇ ನೋಡಿದ್ದು ಕಣೇ" ಎಂದಳು ಇನ್ನೊಬ್ಬಳು. "ನಾನಾಗಿದ್ದರೆ ನಡುಹೊಳೆಯಲ್ಲಿ ಕೈ ಜಾರಿತು ಅನ್ನುತ್ತಿದ್ದೆ."

"ನಿಮ್ಮತ್ತೆ ನಿನ್ನನ್ನೂ ಎಳೆದುಕೊಂಡೇ ಮುಳುಗುತ್ತಿದ್ದಳು, ಸುಮ್ಮನಿರು."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಒಬ್ಬಳು ಮೆಲ್ಲಗೆ, "ಇದರಲ್ಲೇ ಏನೋ ಇದೆ" ಎಂದಳು. ಅನುಮಾನ ಹುಟ್ಟಿದ್ದು ಅಲ್ಲಿ.

ಒಬ್ಬ ರೈತ ತನ್ನ ದನದ ಕೊಟ್ಟಿಗೆಯಲ್ಲಿ ಒಂದು ಮೂಲೆ ಕೊಟ್ಟ. ಗುಡಿಯಿಂದ ಗಂಜಿ ಬಂತು. ಹೆಂಗಸು ಅತ್ತೆಗೆ ಕುಡಿಸಿ, ಉಳಿದದ್ದು ತಾನು ಕುಡಿದಳು. ಮೂರನೆಯ ದಿನ ಮುದುಕಿಗೆ ಜ್ವರ ಬಿಟ್ಟಿತು. ಸೊಸೆ ರೈತನ ಹೆಂಡತಿಯ ಹತ್ತಿರ ಚಿಟಿಕೆ ಅರಿಶಿನ ಕೇಳಿ ತಂದಳು. ಸೀರೆಯ ಅಂಚು ಹರಿದು, ಅರಿಶಿನದ ನೀರಿನಲ್ಲಿ ಅದ್ದಿ, ಅದರಲ್ಲಿ ಏನನ್ನೋ ಇಟ್ಟು ಕಟ್ಟಿದಳು. ಗುಡಿಯ ಕಡೆ ಕೈಮುಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಲ್ಕನೆಯ ದಿನ ಬಂತು. ಊರವರು ಗುಡಿಯ ಪೌಳಿಯಲ್ಲಿ ಕೂಡಿದರು.

ಒಬ್ಬ ವ್ಯಾಪಾರಿ ಮೊದಲು ಮಾತೆತ್ತಿದ. "ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ಅವಳು ನಮ್ಮ ಮನೆಯಲ್ಲಿ ಕೇಳಿದಳಂತೆ. ಯಾಕೆ ಕೇಳಬೇಕು?"

"ಗಂಜಿಗೆ ತಡವಾದೀತು ಎಂದು ಕೇಳಿರಬಹುದು" ಎಂದ ರೈತ.

"ಇರಬಹುದು, ಇರಬಹುದು. ಆ ಇರಬಹುದು ಎನ್ನುವುದೇ ಬೇಡ ಎಂದು ನಾನು ಹೇಳುತ್ತಿರುವುದು."

ಊರವರಿಗೆ ಆ ಮಾತು ಹಿಡಿಸಿತು. ಆದರೆ ದೇವರ ಎದುರು ಕೂತು ಹೋಗು ಎನ್ನಲು ಯಾರಿಗೂ ನಾಲಗೆ ಏಳಲಿಲ್ಲ. ಹೇಳದೆ ಹೇಳುವ ಒಂದು ದಾರಿ ಬೇಕಿತ್ತು. ಆ ದಾರಿಯನ್ನೂ ವ್ಯಾಪಾರಿಯೇ ಹುಡುಕಿದ.

ಆ ಸೀಮೆಯಲ್ಲಿ ಪ್ರತಿ ಮನೆಗೂ ಒಬ್ಬ ಮನೆದೇವರು. ಊರ ಗುಡಿ ಊರಿಗೆಲ್ಲ ಒಂದೇ. ಮನೆದೇವರು ಮನೆಮನೆಗೆ ಬೇರೆ. ಕಷ್ಟ ಬಂದಾಗ ಮನೆದೇವರಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಗೂಟಕ್ಕೆ ತೂಗುಹಾಕುತ್ತಾರೆ. ಅದು ಮುಡಿಪು. ಮನೆದೇವರ ಊರಿಗೆ ಹೋದ ದಿನ ಕಟ್ಟಿದವರೇ ಆ ಗುಡಿಯ ಹೊಸ್ತಿಲಲ್ಲಿ ಬಿಚ್ಚಿ ಒಪ್ಪಿಸಬೇಕು. ಬೇರೆಯವರು ಬಿಚ್ಚಿದರೆ ಬಿಚ್ಚಿದ ಕೈಗೆ ದೋಷ ಎಂದು ನಂಬುಗೆ.

"ಅವಳ ಸೊಂಟದಲ್ಲಿ ಮುಡಿಪು ಇರುವುದನ್ನು ನಾನೇ ನೋಡಿದ್ದೇನೆ" ಎಂದ ವ್ಯಾಪಾರಿ. "ಯಾವ ದೇವರಿಗೆ ಕಟ್ಟಿದ್ದು ಎಂದು ಕೇಳೋಣ. ಬಾಯಲ್ಲಿ ಎಷ್ಟು ಸುಳ್ಳಾದರೂ ಹೇಳಬಹುದು, ಮುಡಿಪು ಮುಟ್ಟಿ ಯಾರೂ ಹೇಳುವುದಿಲ್ಲ. ದೇವರು ಹೊಳೆಯ ಆಚೆ ಇದ್ದರೆ ಅವಳೂ ಆಚೆಯವಳು. ಅವಳ ದೇವರೇ ಅವಳನ್ನು ಕರೆಯುತ್ತಿದ್ದಾನೆ ಅಂದಹಾಗಾಯಿತು. ನಾವು ಕಳಿಸಿದ ಹಾಗಾಗುವುದಿಲ್ಲ."

ಪೂಜಾರಿ ತಲೆದೂಗಿದ. "ಆದರೆ ಅವಳೊಬ್ಬಳನ್ನೇ ಕೇಳಿದರೆ ನಾಳೆ ಯಾರಾದರೂ ಒಂದು ಮಾತು ಆಡುತ್ತಾರೆ. ಎಲ್ಲರೂ ತರೋಣ. ಎಲ್ಲರೂ ಹೇಳೋಣ. ಆಗ ಕೊಂಕು ತೆಗೆಯುವವರ ಬಾಯಿ ಕಟ್ಟಿದಂತಾಗುತ್ತದೆ."

ಒಪ್ಪಿ ಎದ್ದರು. ಅವಳ ದೇವರು ಆಚೆಯವನೇ ಎಂದು ಎಲ್ಲರಿಗೂ ಎಷ್ಟು ಖಾತ್ರಿಯಿತ್ತೆಂದರೆ, ತಮ್ಮ ಮನೆಯ ಗೂಟಕ್ಕೆ ಏನು ತೂಗುತ್ತಿದೆ ಎಂದು ಒಬ್ಬರೂ ಯೋಚಿಸಲಿಲ್ಲ.

ಇಲ್ಲಿಗೆ ಬಂದಾಗ ಫಕೀರಪ್ಪ ನಕ್ಕ. ಅಜ್ಜಾರು ನಗಲಿಲ್ಲ. ಒಂದು ಕಾಯಿ ಒಡೆದು, ಒಳಗೆ ಕಾಳಿಲ್ಲದ್ದನ್ನು ನೋಡಿ, ಆಚೆ ಎಸೆದು, ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಊರೆಲ್ಲ ನಿಂತಿತು. ಎಲ್ಲರ ಕೈಯಲ್ಲೂ ಹಳದಿ ಗಂಟು. ದಾರಿ ತೋರಿಸಿದವನು ವ್ಯಾಪಾರಿ, ಆದ್ದರಿಂದ ಅವನೇ ಮೊದಲು ಮುಂದೆ ಬಂದ. ಗಂಟನ್ನು ಎತ್ತಿಹಿಡಿದು, "ನಮ್ಮ ಮನೆದೇವರು..." ಎಂದವನು ಅಲ್ಲೇ ನಿಂತುಬಿಟ್ಟ.

"ಹೇಳಪ್ಪ, ದೇವರ ಹೆಸರು ಮರೆತೆಯಾ?" ಎಂದ ಗಾಣಿಗ.

"ನಮ್ಮ ದೇವರ ಊರಿಗೆ ಏಳು ದಿನದ ಹಾದಿ."

"ಏಳೋ ಎಂಟೋ ಇರಲಿ. ಹೊಳೆಯ ಯಾವ ಕಡೆ?"

ವ್ಯಾಪಾರಿ ಹೊಳೆಯ ಆಚೆ ಕೈ ತೋರಿಸಿದ. ತೋರಿಸಿದ ಕೈಯನ್ನು ಬೇಗ ಇಳಿಸಿ, "ನಿನ್ನದು ಹೇಳು ನೋಡೋಣ" ಎಂದ. ಗಾಣಿಗನ ದೇವರು ಒಂಬತ್ತು ದಿನ ಆಚೆ. ಕುಂಬಾರನ ದೇವರು ಆಚೆಯ ಬೆಟ್ಟದ ಮೇಲೆ. ರೈತನ ದೇವರು ಆ ಬೆಟ್ಟದ ಬೆನ್ನಿಗೆ. ಒಬ್ಬೊಬ್ಬರೂ ಹೇಳುತ್ತ ಹೋದಂತೆ ಹಿಂದೆ ನಿಂತವರು ಗಂಟನ್ನು ಸೆರಗಿನ ಒಳಗೆ, ಪಂಚೆಯ ಮಡಿಕೆಯ ಒಳಗೆ ಮುಚ್ಚಿಡತೊಡಗಿದರು. ಕಡೆಗೆ ಪೂಜಾರಿ ಉಳಿದ. ಅವನು ಗಂಟನ್ನು ಬೆನ್ನ ಹಿಂದೆ ಹಿಡಿದಿದ್ದ.

"ದಿನಾ ಎರಡು ಹೊತ್ತು ಆರತಿ ಈ ದೇವರಿಗೆ. ಹರಕೆ ಇನ್ಯಾರಿಗೋ?" ಎಂದಳು ಒಬ್ಬ ಅಜ್ಜಿ.

"ನಮ್ಮ ಮುತ್ತಾತನನ್ನು ಪೂಜೆಗೆಂದು ಆಚೆಯಿಂದ ಕರೆತಂದರಮ್ಮ" ಎಂದ ಪೂಜಾರಿ. "ನಾವಾಗಿ ಬಂದದ್ದಲ್ಲ. ಕರೆದರು ಎಂದು ಬಂದದ್ದು. ಅದು ಬೇರೆ."

ಬೇರೆ ಎಂಬ ಮಾತು ಎಲ್ಲರಿಗೂ ಬೇಕಾಗಿತ್ತು. ವ್ಯಾಪಾರಿ ನಾಲ್ಕು ತಲೆಮಾರು ಕಳೆದವರೆಲ್ಲ ಊರಿನವರೇ ಎಂದ. ಅವನ ಮನೆಯವರು ಬಂದು ನಾಲ್ಕು ತಲೆಮಾರಾಗಿತ್ತು. ಎರಡು ಸಾಕು ಎಂದ ಗಾಣಿಗ. ಕುಂಬಾರ, "ತಲೆಮಾರು ಯಾಕೆ? ಈ ಊರಿನ ಮಣ್ಣು ಕಲಸಿದವನು ಈ ಊರಿನವನು" ಎಂದ. ಅವನು ಬಂದು ಹನ್ನೊಂದು ವರ್ಷವಾಗಿತ್ತು. ಪ್ರತಿಯೊಬ್ಬನೂ ಸರಿಯಾಗಿ ತನ್ನ ಹಿಮ್ಮಡಿಯ ಹಿಂದೆ ಗೆರೆ ಎಳೆದ. ಎಳೆದು ಮುಗಿದ ಮೇಲೆ ಎಲ್ಲರಿಗೂ ಆ ಹೆಂಗಸಿನ ನೆನಪು ಬಂತು.

"ಈಗ ಅವಳನ್ನು ಕೇಳಿ" ಎಂದರು.

ಅವಳು ಸೊಂಟದಿಂದ ಗಂಟು ತೆಗೆದಳು.

"ಯಾವ ದೇವರಿಗೆ ಕಟ್ಟಿದ್ದು?"

"ನಮ್ಮ ದೇವರು ಊರಿನ ಜೊತೆಗೇ ಸುಟ್ಟುಹೋದ" ಎಂದಳು ಅವಳು. "ಈ ಗುಡಿಯ ಗಂಜಿ ಕುಡಿದು ನಮ್ಮತ್ತೆಗೆ ಜ್ವರ ಬಿಟ್ಟಿತು. ಈ ದೇವರಿಗೇ ಕಟ್ಟಿದ್ದೇನೆ."

ಅಲ್ಲಿದ್ದ ಅಷ್ಟು ಹಳದಿ ಗಂಟುಗಳಲ್ಲಿ ಆ ಗುಡಿಯ ದೇವರಿಗೆ ಸೇರಬೇಕಾದದ್ದು ಅದೊಂದೇ.

ಎಲ್ಲರೂ ಪೂಜಾರಿಯ ಕಡೆ ತಿರುಗಿದರು. ಆಮೇಲೆ ಪೂಜಾರಿ ಕೇಳಿದ.

"ಇಷ್ಟು ಸರಿಯಾದ ಉತ್ತರ ಇವಳಿಗೆ ಹೇಗೆ ಗೊತ್ತಾಯಿತು?"

ಊರಿಗೆ ಉಸಿರು ಬಂತು. ಹೌದಲ್ಲ, ಹೇಗೆ ಗೊತ್ತಾಯಿತು? ಆಚೆಯ ದೇವರ ಹೆಸರು ಹೇಳಿದ್ದರೆ ಅವಳು ಪರದೇಶಿ ಆಗುತ್ತಿದ್ದಳು. ಈ ದೇವರ ಹೆಸರು ಹೇಳಿದ್ದರಿಂದ ಕಪಟಿ ಆದಳು.

"ಯಾರೋ ಹೇಳಿಕೊಟ್ಟಿದ್ದಾರೆ" ಎಂದ ವ್ಯಾಪಾರಿ. ಎಲ್ಲರ ಕಣ್ಣು ರೈತನ ಮೇಲೆ ಹೊರಳಿತು. "ಅರಿಶಿನ ಯಾರ ಮನೆಯದು?"

"ಕೇಳಿದಳು, ನಮ್ಮವಳು ಕೊಟ್ಟಳು" ಎಂದ ರೈತ. "ಅರಿಶಿನ ಕೇಳಿದರೆ ಯಾರಾದರೂ ಇಲ್ಲ ಅನ್ನುತ್ತಾರೆಯೇ?"

"ಅರಿಶಿನದ ಜೊತೆ ಬುದ್ಧಿಯನ್ನೂ ಪೊಟ್ಟಣ ಕಟ್ಟಿ ಕೊಟ್ಟಳೇನೋ."

ಮತ್ತೆ ನಗು. ರೈತ ಹೆಂಡತಿಯನ್ನು ನೋಡಿದ. ಹೆಂಡತಿ ನೆಲ ನೋಡುತ್ತಿದ್ದಳು. ಅವನ ಹೊಲಕ್ಕೆ ನೀರು ಬರುವುದು ವ್ಯಾಪಾರಿಯ ಹೊಲ ದಾಟಿ. ಅವನ ಮಗಳಿಗೆ ಗಂಡು ಗೊತ್ತಾಗಿರುವುದು ಗಾಣಿಗನ ನಂಟರಲ್ಲಿ. ಅವನು ಬಾಯಿ ತೆರೆದ. ಆಮೇಲೆ ಮುಚ್ಚಿದ.

ಅವಳು ಹೊಳೆ ದಾಟಿ ತಿರುಗಿ ಹೋಗಬೇಕೆಂದು ತೀರ್ಮಾನ ಆಯಿತು. ಹೆಂಗಸು ಗಂಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದಳು.

"ಅದು ಇಲ್ಲೇ ಇರಬೇಕು" ಎಂದ ಪೂಜಾರಿ. "ದೇವರ ಹೆಸರಿನಲ್ಲಿ ಕಟ್ಟಿದ್ದು ದೇವರ ಸ್ವತ್ತು. ನೀನು ಒಯ್ದರೆ ಊರಿಗೆ ದೋಷ."

"ಹಾಗಾದರೆ ನಾನೇ ಬಿಚ್ಚಿ ಒಪ್ಪಿಸಿ ಹೋಗುತ್ತೇನೆ."

"ಊರಿನವರಲ್ಲದವರು ಈ ಹೊಸ್ತಿಲು ಹತ್ತುವ ಹಾಗಿಲ್ಲ."

ಅವಳು ಗಂಟನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟಳು. ಕೊಟ್ಟಿಗೆಗೆ ಹೋಗಿ ಅತ್ತೆಯನ್ನು ಬೆನ್ನಿಗೇರಿಸಿಕೊಂಡಳು. ಹರಿಗೋಲಿನವನು ಅವರನ್ನು ಆಚೆ ದಂಡೆಗೆ ಬಿಟ್ಟು ಬಂದ.

"ಚಾಲಾಕಿ ಹೆಂಗಸು" ಎಂದ ಫಕೀರಪ್ಪ. "ನನಗ ಅನ್ನಸ್ತದ, ಯಾರೋ ಹೇಳಿಕೊಟ್ಟಿದ್ರು."

ಅಜ್ಜಾರು ಇನ್ನೊಂದು ಕಾಯಿ ಒಡೆದು ಕತೆ ಮುಂದುವರಿಸಿದರು.

ಹೆಂಗಸು ಹೋದಳು, ಮುಡಿಪು ಉಳಿಯಿತು. ಪೂಜಾರಿ ಅದನ್ನು ಬಾಳೆ ಎಲೆಯಲ್ಲಿ ಎತ್ತಿಕೊಂಡು ಗರ್ಭಗುಡಿಯ ಮೂಲೆಯಲ್ಲಿಟ್ಟ. ಕಟ್ಟಿದ ಕೈಯೇ ಬಿಚ್ಚಬೇಕು. ಕಟ್ಟಿದ ಕೈಯನ್ನು ಕಳಿಸಿ ಆಗಿತ್ತು. ಎರಡು ದಿನ ಯಾರೂ ಅದರ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಅಕ್ಕಸಾಲಿ ಒಂದು ಕಡ್ಡಿಯಿಂದ ಗಂಟನ್ನು ಎತ್ತಿ ನೋಡಿದ.

"ತೀರಾ ಹಗುರವಾಗಿದೆ. ಕಾಣಿಕೆ ಹೀಗಿರುತ್ತದೆಯೇ?"

"ಹಗುರವಾದದ್ದು ಏನಿರುತ್ತದೆ?" ಎಂದರು.

"ಬೂದಿ ಇರುತ್ತದೆ."

ಊರು ಸುಟ್ಟುಹೋದವಳು ಬೂದಿ ತಂದಿದ್ದಾಳೆ ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಮರುದಿನ ಅದು ಸುಡುಗಾಡಿನ ಬೂದಿ ಆಯಿತು. ಅದರ ಮರುದಿನ ಮಾಟದ ಬೂದಿ. ಗಾಣಿಗನ ಎಮ್ಮೆ ಹಾಲು ಕಡಿಮೆ ಕೊಟ್ಟಿತು. ಆ ಎಮ್ಮೆ ಬೇಸಿಗೆಯಲ್ಲಿ ಯಾವಾಗಲೂ ಕಡಿಮೆ ಕೊಡುತ್ತಿತ್ತು, ಆದರೆ ಈ ಸಲ ಕಾರಣ ಸಿಕ್ಕಿತು. ಕುಂಬಾರನ ಆವಿಗೆಯಲ್ಲಿ ಮಡಕೆ ಸೀಳಿದವು. ಮುಡಿಪನ್ನು ಗರ್ಭಗುಡಿಯಿಂದ ಪೌಳಿಗೆ ಹಾಕಿದರು. ಪೌಳಿಯಲ್ಲಿ ಮಕ್ಕಳು ಆಡುತ್ತಾರೆ ಎಂದು ಗೋಡೆಯ ಹೊರಗೆ ಹಾಕಿದರು. ಹೊರಗಿದ್ದರೆ ಯಾರಾದರೂ ಬಿಚ್ಚಿಯಾರು ಎಂದು ಮತ್ತೆ ಒಳಗೆ ತಂದರು. ಬಿಸಾಡಲು ಧೈರ್ಯವಿಲ್ಲ, ಅದು ದೇವರ ಹೆಸರಿನದು. ಇಟ್ಟುಕೊಳ್ಳಲು ಧೈರ್ಯವಿಲ್ಲ, ಅದು ಅವಳ ಕೈಯದು. ನೆರೆಮನೆಯವನು ಆ ಗಂಟಿನ ಹತ್ತಿರ ಹೆಚ್ಚು ಹೊತ್ತು ನಿಂತರೆ ಇವನಿಗೆ ಅನುಮಾನ. ಇವನು ಅದರ ಕಡೆ ನೋಡದೆ ಹೋದರೆ ನೆರೆಯವನಿಗೆ ಅನುಮಾನ.

ಕಡೆಗೆ ಐದು ಜನರನ್ನು ಆರಿಸಿದರು. ಈ ಗಂಟನ್ನು ಆಚೆ ಒಯ್ಯಿರಿ, ಅವಳ ಕೈಗೆ ಕೊಟ್ಟು ಬಿಚ್ಚಿಸಿರಿ, ಒಳಗೆ ಏನಿದೆ ಎಂದು ನೋಡಿಕೊಂಡು ಬನ್ನಿ ಎಂದರು. ಐವರೂ ಹರಿಗೋಲು ಹತ್ತಿ ಆಚೆ ದಂಡೆಗೆ ಇಳಿದರು. ಮೊದಲ ಊರಿನ ಬಾಗಿಲಲ್ಲೇ ಅವರನ್ನು ತಡೆದರು.

"ಯಾವ ಊರು?"

"ಈಚೆ... ಹೊಳೆಯ ಆ ಕಡೆ."

"ಆ ಗಂಟು ಏನು?"

"ಮುಡಿಪು."

"ಯಾವ ದೇವರಿಗೆ?"

"ನಮ್ಮೂರ ದೇವರಿಗೆ."

"ನಿಮ್ಮೂರ ದೇವರ ಮುಡಿಪಿಗೆ ನಮ್ಮೂರಲ್ಲಿ ಏನು ಕೆಲಸ? ಬಿಚ್ಚಿ ತೋರಿಸಿ."

"ಬಿಚ್ಚುವ ಹಾಗಿಲ್ಲ. ಇದು ನಮ್ಮದಲ್ಲ."

"ಗಂಟು ನಿಮ್ಮದಲ್ಲ, ಬಿಚ್ಚುವ ಹಾಗಿಲ್ಲ, ಹೊತ್ತುಕೊಂಡು ಬಂದಿದ್ದೀರಿ. ನಮ್ಮನ್ನು ಏನೆಂದುಕೊಂಡಿರಿ?"

ಐವರೂ ಹೊಳೆಯ ಕಡೆ ತಿರುಗಿದರು. ಆ ಊರಿನವರು ಕೈ ಮಾಡಲಿಲ್ಲ, ಒಳ್ಳೆಯವರು. ಹೊಳೆಯವರೆಗೆ ಹಿಂದೆ ಹಿಂದೆಯೇ ಬಂದು, ಹರಿಗೋಲು ಹತ್ತುವ ತನಕ ನಿಂತು ನೋಡಿದರು.

ಮುಡಿಪು ಊರಿಗೆ ತಿರುಗಿ ಬಂತು. ಗುಡಿಯ ಬಾಗಿಲವಾಡದ ಮೇಲೆ ಒಂದು ಗೂಟ ಬಡಿದು ಅದನ್ನು ತೂಗುಹಾಕಿದರು. ಅಲ್ಲಿದ್ದರೆ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ, ಯಾರೂ ಮುಟ್ಟಲಾರರು ಎಂದುಕೊಂಡರು. ಅದು ಇನ್ನೂ ಅಲ್ಲೇ ಇದೆ. ಆ ಊರಿನವರು ಗುಡಿಗೆ ಹೋದಾಗ ಮೊದಲು ತಲೆ ಎತ್ತಿ ಅದನ್ನು ನೋಡುತ್ತಾರೆ. ಆಮೇಲೆ ದೇವರನ್ನು ನೋಡುತ್ತಾರೆ. ಕೆಲವರು ಅದನ್ನೇ ನೋಡಿ ತಿರುಗಿ ಬರುತ್ತಾರೆ.

ಅಜ್ಜಾರು ಇಲ್ಲಿಗೆ ನಿಲ್ಲಿಸಿದರು. ಮಡಿಲಿನ ಸಿಪ್ಪೆಯನ್ನು ಕೊಡವಿದರು.

ಫಕೀರಪ್ಪನ ಕೈ ಎಷ್ಟೋ ಹೊತ್ತಿನ ಹಿಂದೆ ನಿಂತಿತ್ತು. ಒಂದು ಕಾಯಿ ಹೆಬ್ಬೆರಳಿನ ಕೆಳಗೆ ಹಾಗೇ ಇತ್ತು. ಬೂದಿ ಇರಲಿಕ್ಕಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಬೂದಿಯಾದರೆ ಬಟ್ಟೆಯಿಂದ ಸೋರುತ್ತದೆ. ಸುಟ್ಟ ಊರಿನಿಂದ ಬಂದವಳು ಮುರಿದ ತಾಳಿಯ ಚೂರು ಇಟ್ಟಿರಬಹುದು. ಏನೂ ಇಡದೆ ಬರೀ ಬಟ್ಟೆಯನ್ನೇ ಗಂಟು ಹಾಕಿರಬಹುದು. ಸಂತೆಗಳಲ್ಲಿ ಅಂಥ ಮೋಸವನ್ನು ಅವನು ಬೇಕಾದಷ್ಟು ನೋಡಿದ್ದ. ಅಜ್ಜಾರು ಏಳಲು ನೆಲಕ್ಕೆ ಕೈ ಊರಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಅದರಾಗ ಏನಿತ್ತು ಹೇಳಲೇ ಇಲ್ಲಲ್ಲ?"

ಅಜ್ಜಾರು ಅವನನ್ನು ನೋಡಿದರು.

"ಅತ್ತೀನ್ನ ಹೊತಗೊಂಡು ಆಕಿ ಎಲ್ಲಿಗೆ ಹೋದಳು ಅಂತ ನೀನೂ ಕೇಳಲಿಲ್ಲಲ್ಲೋ."

ಫಕೀರಪ್ಪ ಬುಟ್ಟಿಯನ್ನು ಎತ್ತಿ ಗೋಡೆಗೆ ಸರಿಸಿಟ್ಟು ಹೊರಗೆ ಬಂದ. ಕಟ್ಟೆಯ ಮೇಲಿದ್ದ ಕುಬೇರಗೌಡರು, "ಏನಂದ್ರೋ ಅಜ್ಜಾರು? ನೀ ಮಾಡಿದ್ದು ಬರೋಬ್ಬರಿ ಅಂದ್ರೋ ಇಲ್ಲೋ?" ಎಂದು ಕೂಗಿದರು. ಅವನು ತನ್ನ ಖೋಲಿಗೆ ನಡೆದ. ಗೂಟದ ಮೇಲಿದ್ದ ಎರಡು ಅಂಗಿ, ಕಂಬಳಿ, ಅಲ್ಯುಮಿನಿಯಂ ಲೋಟ, ಒಂದು ಜೊತೆ ಹಳೆಯ ಚಪ್ಪಲಿ. ಮೂರು ವರ್ಷದಲ್ಲಿ ಕೂಡಿದ್ದು ಅಷ್ಟೇ. ಲೋಟವನ್ನು ಅಂಗಿಯಲ್ಲಿ ಸುತ್ತಿದ, ಅಂಗಿಯನ್ನು ಕಂಬಳಿಯಲ್ಲಿ ಸುತ್ತಿದ. ಟಂಟಂ ಬಂದು ಬಾಗಿಲ ಹತ್ತಿರ ಹಾರ್ನು ಹೊಡೆಯಿತು. ಗಾಡಿಯವನಿಗೆ ಎಂಟು ಮಂದಿ ಎಂದು ಹೇಳಿತ್ತು. ಒಂಬತ್ತನೆಯವನು ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತರಾಯಿತು. ಫಕೀರಪ್ಪ ಕಂಬಳಿಯನ್ನು ಚೀಲಕ್ಕೆ ತುರುಕಿ ಬಾಯಿ ಕಟ್ಟಿದ.